ನಿತ್ಯದ ಬದುಕಿನಲ್ಲಿ ಪ್ರತಿಭೆ

(ಶ್ರೀಮಠದ ಸುವರ್ಣ ಮಹೋತ್ಸವದ ಅಂಗವಾಗಿ ಜರುಗಿದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಮಂಗಲ ಪ್ರಸಂಗದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರಿಂದ ಅಪ್ಪಣೆಯಾದಾಗ ನಾನು ಕೆಲವು ದಿನ ಹಿಂದುಮುಂದು ನೋಡಿದೆನು. ನಾನು ಶಾಸ್ತ್ರವನ್ನು ಬಲ್ಲವನಲ್ಲ, ಕವಿಯೂ ಅಲ್ಲ. 35 ವರ್ಷಗಳ ಕಾಲ ಹಳ್ಳಿಯ ಶಾಲೆಗಳಲ್ಲಿ ಮಕ್ಕಳಿಗೆ ಕನ್ನಡವನ್ನು ಕಲಿಸಿ ನಿವೃತ್ತನಾದ ಒಬ್ಬ ಮಾಸ್ತರನು. ಇಂಥವನು ಇಂಥ ಸಭೆಯಲ್ಲಿ ಹೇಳತಕ್ಕದ್ದೇನಿದೆಯೆಂದು ಯೋಚಿಸುತ್ತ ಕುಳಿತಾಗ, ಬಹುದಿನಗಳಿಂದ ನನ್ನ ಮನಸ್ಸಿನ ಮೂಲೆಯಲ್ಲಿ ಬಿದ್ದುಕೊಂಡಿದ್ದ ನನ್ನದೇ ಒಂದು ತಪ್ಪು ನೆನಪಿಗೆ ಬಂದಿತು. ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ ಮಠಕ್ಕಿಂತ ತಕ್ಕ ಸ್ಥಳ ಬೇರೊಂದಿಲ್ಲ. ಆದಕಾರಣ ಆ ತಪ್ಪನ್ನೂ ಅದರಿಂದ ನಾನು ಕಲಿತುಕೊಂಡ ಅಲ್ಪಸ್ವಲ್ಪವನ್ನೂ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಹೊಸಹೊಸದಾಗಿ ಅರಳುವ ಪ್ರಜ್ಞೆಗೆ ನಮ್ಮ ಪ್ರಾಚೀನ ಆಲಂಕಾರಿಕರು ಪ್ರತಿಭೆಯೆಂದು ಹೆಸರಿಟ್ಟರು. ಅವರು ಈ ಮಾತನ್ನು ಕವಿಯ ವಿಷಯವಾಗಿ ಹೇಳಿದರೆಂಬುದು ನಿಜ. ಆದರೆ ಕಾಲಕ್ರಮದಲ್ಲಿ ನಾವು ಪ್ರತಿಭೆಯನ್ನು ಕವಿಗೆ, ಗಾಯಕನಿಗೆ, ಶಿಲ್ಪಿಗೆ ಬರೆದುಕೊಟ್ಟ ಇನಾಮು ಭೂಮಿಯಂತೆ ಭಾವಿಸತೊಡಗಿದೆವು. ಅದರ ಬದುವಿನ ಒಳಗೆ ಕಾಲಿಡಲು ಉಳಿದವರಿಗೆ ಹಕ್ಕಿಲ್ಲವೆಂದು ನಾವೇ ತೀರ್ಮಾನಿಸಿಕೊಂಡೆವು. “ನಮಗೆಲ್ಲಿಯ ಪ್ರತಿಭೆ? ನಾವು ಹೊಟ್ಟೆ ಹೊರೆಯುವ ಜನ” ಎಂಬ ಮಾತು ಎಲ್ಲರ ಬಾಯಲ್ಲಿಯೂ ಇದೆ. ಕೇಳುವುದಕ್ಕೆ ಇದು ವಿನಯದ ಮಾತಿನಂತೆ ತೋರುತ್ತದೆ. ವಿಚಾರಿಸಿ ನೋಡಿದರೆ, ದೇವರು ಕೊಟ್ಟ ಬುತ್ತಿಯನ್ನು ಬಿಚ್ಚದೆಯೇ “ನನಗೆ ಹಸಿವಿಲ್ಲ” ಎಂದು ಹೇಳಿದಂತಾಗುತ್ತದೆ.

ಇನ್ನು ನನ್ನ ಕಥೆಯನ್ನು ಹೇಳುತ್ತೇನೆ. ವಿಜಯಪುರ ಜಿಲ್ಲೆಯಲ್ಲಿ ಡೋಣಿ ನದಿಯ ದಂಡೆಯ ಮೇಲಿರುವ ಒಂದು ಹಳ್ಳಿಯಲ್ಲಿ 1953ರಲ್ಲಿ ನಾನು ಹುಟ್ಟಿದೆನು. ಮನೆಯಲ್ಲಿ ಅಜ್ಜಿಯೇ ಹಿರಿಯಳು. ಆಕೆಯನ್ನು ನಾವೆಲ್ಲರೂ ಆಯಿ ಎಂದು ಕರೆಯುತ್ತಿದ್ದೆವು. ಬೆಳ್ಳಿಚಿಕ್ಕೆ ಮೂಡುವ ಹೊತ್ತಿಗೆ ಆಕೆ ಎದ್ದು, ಮುಖ ತೊಳೆದು, ವಿಭೂತಿಯನ್ನು ಧರಿಸಿ, ಜೋಳದ ಬುಟ್ಟಿಯೊಡನೆ ಬೀಸುಕಲ್ಲಿನ ಮುಂದೆ ಕೂಡುತ್ತಿದ್ದಳು. ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಬಿದ್ದು ಗೂಟ ತಿರುಗಿತೆಂದರೆ ಹಾಡು ಹೊರಟಿತೆಂದೇ ತಿಳಿಯಬೇಕು. ಮೊದಲು ಕಲ್ಲಿಗೆ ಶರಣು, ಆಮೇಲೆ ಗುರುವಿಗೆ, ಆಮೇಲೆ ತವರಿಗೆ, ಅಣ್ಣತಮ್ಮಂದಿರಿಗೆ, ಮಳೆಗೆ, ಎತ್ತುಗಳಿಗೆ. ನಮ್ಮ ಬಾಲ್ಯದ ಬೆಳಗುಗಳೆಲ್ಲ ಹೀಗೆಯೇ ಆದವು. ಸೂರ್ಯೋದಯಕ್ಕೆ ಬೆಲೆ ಕಟ್ಟುವವರು ಯಾರು? ಅದರಂತೆ ಆ ಹಾಡಿಗೂ ನಾವು ಬೆಲೆ ಕಟ್ಟಲಿಲ್ಲ.

ನಾನು ಧಾರವಾಡದ ಕಾಲೇಜಿಗೆ ಸೇರಿದೆನು. 1970ರಲ್ಲಿ ಪರೀಕ್ಷೆಗೆ ಓದಿಕೊಳ್ಳಲೆಂದು ಊರಿಗೆ ಬಂದಿದ್ದೆನು. ನಸುಕಿನಲ್ಲಿ ಕಂದೀಲು ಹಚ್ಚಿಕೊಂಡು ಕನ್ನಡ ಛಂದಸ್ಸಿನ ಲಕ್ಷಣಗಳನ್ನು ಬಾಯಿಪಾಠ ಮಾಡುತ್ತಿದ್ದಾಗ ಪಡಸಾಲೆಯಿಂದ ಹಾಡು ಕೇಳಿ ಬರುತ್ತಿದ್ದಿತು. ಮೂರನೆಯ ದಿನ ನನಗೆ ಸಿಟ್ಟು ತಡೆಯಲಿಲ್ಲ. “ಆಯೀ, ನೀ ಹಾಡಿದರ ನನಗ ಓದಾಕ ಆಗಂಗಿಲ್ಲ. ಪರೀಕ್ಷೆ ಮುಗಿಯೂತನಕ ಸುಮ್ಮನ ಬೀಸು” ಎಂದು ಕೂಗಿದೆನು. ಆಕೆ ಬೇಸರಗೊಳ್ಳಲಿಲ್ಲ. “ಆತು ಮಗಾ, ನೀ ಓದು” ಎಂದಳು. ಮರುದಿನದಿಂದ ಬರಿಯ ಕಲ್ಲಿನ ಸಪ್ಪಳ ಕೇಳಿಸತೊಡಗಿತು. ಹಿಟ್ಟು ಮೊದಲಿನಂತೆಯೇ ಬಿದ್ದಿತು. ರೊಟ್ಟಿಯೂ ಮೊದಲಿನಂತೆಯೇ ಆಯಿತು. ಪರೀಕ್ಷೆ ಮುಗಿದ ಮೇಲೆ “ಇನ್ನು ಹಾಡು” ಎಂದು ನಾನು ಹೇಳಲಿಲ್ಲ. ನಾನು ಮನೆಯಲ್ಲಿದ್ದ ದಿನಗಳಲ್ಲಿ ಆಕೆ ಮತ್ತೆ ಹಾಡಲೂ ಇಲ್ಲ. 1972ರಲ್ಲಿ ನಮ್ಮೂರಿಗೆ ಹಿಟ್ಟಿನ ಗಿರಣಿ ಬಂದಿತು, ಬೀಸುಕಲ್ಲು ದನದ ಕೊಟ್ಟಿಗೆಯ ಮೂಲೆಯನ್ನು ಸೇರಿತು. 1976ರಲ್ಲಿ ಆಯಿ ಲಿಂಗೈಕ್ಯಳಾದಳು. ಅದೇ ವರ್ಷ ನಾನು ಮಾಸ್ತರನಾದೆನು.

ಮುಂದೆ 12 ವರ್ಷಗಳು ಕಳೆದವು. 1988ರಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಬಾದಾಮಿಗೆ ಪ್ರವಾಸ ಹೋಗಿದ್ದೆವು. ಮೇಣಬಸದಿಗಳನ್ನು ನೋಡಿಯಾದ ಮೇಲೆ, ಹಳಗನ್ನಡವನ್ನು ಚೆನ್ನಾಗಿ ಬಲ್ಲ ನನ್ನ ಗೆಳೆಯರೊಬ್ಬರು ನಮ್ಮನ್ನು ಕಪ್ಪೆ ಅರಭಟ್ಟನ ಶಾಸನವಿರುವ ಬಂಡೆಯ ಕಡೆಗೆ ಕರೆದೊಯ್ದರು. ಸುಮಾರು ಕ್ರಿ.ಶ. 700ರ ಕಾಲಕ್ಕೆ ಸೇರಿದ ಬರಹವದು. ಒಬ್ಬ ವೀರನ ಗುಣವನ್ನು ಅದರಲ್ಲಿ ಕೊಂಡಾಡಲಾಗಿದೆ. ಕನ್ನಡ ನಾಡಿನಲ್ಲಿ ನಮಗೆ ದೊರೆತ ಅತಿ ಹಳೆಯ ತ್ರಿಪದಿಗಳು ಇವೇ ಎಂದು ನಾನೇ ಎಷ್ಟೋ ಸಲ ಮಕ್ಕಳಿಗೆ ಪಾಠ ಹೇಳಿದ್ದೆನು. ಆ ದಿನ ಗೆಳೆಯರು ಅದನ್ನು ಗದ್ಯದಂತೆ ಓದದೆ ರಾಗವಾಗಿ ಅಂದು ತೋರಿಸಿದರು. ಅವರು ಎರಡು ನುಡಿಗಳನ್ನು ಮುಗಿಸುವಷ್ಟರಲ್ಲಿ ನನ್ನ ಕೈ ತನಗೆ ತಾನೇ ತಿರುಗತೊಡಗಿತು. ಗೂಟ ಹಿಡಿದವರ ಕೈ ತಿರುಗುವಂತೆ! ಅದು ನಮ್ಮ ಪಡಸಾಲೆಯ ನಡೆ, ಆಯಿಯ ಕಲ್ಲಿನ ನಡೆ. ಸಾವಿರದ ಇನ್ನೂರು ವರ್ಷಗಳಿಗೂ ಮಿಕ್ಕಿ ಬಂಡೆಯ ಮೇಲೆ ನಿಂತಿದ್ದ ಛಂದಸ್ಸು ನಮ್ಮ ಮನೆಯಲ್ಲಿ ಪ್ರತಿದಿನ ನಸುಕಿನಲ್ಲಿ ಜೀವಂತವಾಗಿದ್ದಿತು. ಅದರ ಲಕ್ಷಣವನ್ನು ಬಾಯಿಪಾಠ ಮಾಡುವುದಕ್ಕೋಸ್ಕರ ಅದರ ಬಾಯಿಯನ್ನೇ ಮುಚ್ಚಿಸಿದವನು ನಾನು.

ಬಾದಾಮಿಯಿಂದ ಮಕ್ಕಳನ್ನು ಊರಿಗೆ ಕಳುಹಿಸಿ, ಬಾಗಲಕೋಟೆಯ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮ ಅಕ್ಕನ ಮನೆಗೆ ಹೋದೆನು. ರಾತ್ರಿ ಊಟವಾದ ಮೇಲೆ ಕಟ್ಟೆಯ ಮೇಲೆ ಕುಳಿತು ಕೇಳಿದೆನು. ಅಕ್ಕನಿಗೆ ನೆನಪಾದ ಹಾಡುಗಳು 11. ನೂರಾರಲ್ಲಿ ಹನ್ನೊಂದು! ಅವನ್ನು ಬರೆದುಕೊಂಡು ಏಳುತ್ತಿದ್ದಾಗ ಆಕೆ ನಕ್ಕು, “ನಿನ್ನ ಮ್ಯಾಲಿಂದೂ ಒಂದ ಐತಿ” ಎಂದಳು. ನಾನು ಶಾಲೆಗೆ ಹೊರಟ ಮೊದಲ ದಿನ ಆಯಿ ಕಟ್ಟಿದ ಹಾಡಂತೆ ಅದು. ಮೊದಲ ನುಡಿಯಲ್ಲಿ ನನ್ನ ಹೆಸರು ಮತ್ತು ಪಾಟಿಚೀಲ. ಎರಡನೆಯದರಲ್ಲಿ ಹೊಳೆ ದಾಟುವಾಗ ನೆನೆದ ನನ್ನ ಅಂಗಿ. ಮೂರನೆಯ ನುಡಿಗೆ ಬಂದಾಗ ಅಕ್ಕ ತಡವರಿಸಿದಳು. ಬಹಳ ಹೊತ್ತು ಕಣ್ಣು ಮುಚ್ಚಿಕೊಂಡು ಕುಳಿತಳು. “ನೆನಪಾಗವಲ್ದೋ ತಮ್ಮಾ” ಎಂದಳು. ಅಕ್ಕನೂ ಈಗ ಇಲ್ಲ. ಆ ಮೂರನೆಯ ನುಡಿ ಇನ್ನು ಯಾರಿಗೂ ದೊರೆಯುವಂತಿಲ್ಲ.

ಅಲ್ಲಿಯವರೆಗೆ, ಆಯಿ ತನ್ನ ತಾಯಿಯಿಂದ ಕಲಿತದ್ದನ್ನು ಒಪ್ಪಿಸುತ್ತಿದ್ದಳೆಂದೇ ನಾನು ತಿಳಿದುಕೊಂಡಿದ್ದೆನು. ಆಕೆ ಹಾಡುತ್ತಿದ್ದುದಷ್ಟೇ ಅಲ್ಲ, ಕಟ್ಟುತ್ತಲೂ ಇದ್ದಳು. ನಿನ್ನೆ ಕಂಡದ್ದು ಇಂದು ಬೆಳಿಗ್ಗೆ ಆಕೆಯ ಕಲ್ಲಿನ ಬಾಯಿಗೆ ಬಿದ್ದು ಹಾಡಾಗಿ ಹೊರಗೆ ಬರುತ್ತಿದ್ದಿತು. ಅಕ್ಷರ ಬಾರದ ಆ ಮುದುಕಿಗೆ ತಾನು ಕವಿಯೆಂಬ ಅರಿವಿರಲಿಲ್ಲ. ಕವಿಯಲ್ಲವೆಂಬ ಅಂಜಿಕೆಯೂ ಇರಲಿಲ್ಲ.

ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ತಮ್ಮ ಕಡೆಯ ಹೆಣ್ಣುಮಕ್ಕಳ ಬಾಯಿಂದ ಇಂಥ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವನ್ನು ಹೊರತಂದರು. 1933ರಲ್ಲಿ ‘ಜೀವನ ಸಂಗೀತ’ವೂ 1935ರಲ್ಲಿ ‘ಮಲ್ಲಿಗೆ ದಂಡೆ’ಯೂ ಅವರಿಂದ ಬೆಳಕಿಗೆ ಬಂದವು. ಅವರು ದೂರ ದೇಶಕ್ಕೆ ಹೋಗಲಿಲ್ಲ. ಬೆಳಗಾದರೆ ತಮ್ಮ ಕಿವಿಯ ಮೇಲೆ ಬೀಳುತ್ತಿದ್ದುದನ್ನೇ ಮನಸ್ಸಿಟ್ಟು ಕೇಳಿದರು. ಅಂತೆಯೇ ಫ. ಗು. ಹಳಕಟ್ಟಿಯವರು. ವಚನಗಳ ಓಲೆಗರಿಗಳು ಎಷ್ಟೋ ಮನೆಗಳ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು, ಓದುವವರಿರಲಿಲ್ಲ. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ಕಣ್ಣೆದುರಿಗಿದ್ದುದನ್ನು ಕಾಣುವುದು ಕೂಡ ಪ್ರತಿಭೆಯೇ ಎಂಬುದಕ್ಕೆ ಇವರೇ ಸಾಕ್ಷಿ. ನನ್ನ ನಾಚಿಕೆ ಇನ್ನೂ ಹೆಚ್ಚಿನದು. ‘ಗರತಿಯ ಹಾಡಿ’ನ ಪದ್ಯಗಳನ್ನು ತರಗತಿಯಲ್ಲಿ ಅರ್ಥಸಹಿತವಾಗಿ ಕಲಿಸಿದವನು ನಾನು, ಮನೆಯ ಗರತಿಯನ್ನು ಮಾತ್ರ ಕೇಳಲಿಲ್ಲ.

ಇಲ್ಲಿ ತಾಯಂದಿರು ಒಂದು ಆಕ್ಷೇಪವನ್ನು ಎತ್ತಬಹುದು. “ಬೀಸುವ ಕಷ್ಟ ನಿಮಗೇನು ಗೊತ್ತು? ರಟ್ಟೆ ಬಿದ್ದುಹೋಗುವ ಆ ಕೆಲಸವನ್ನು ಕುಳಿತು ಹೊಗಳುವುದು ಗಂಡಸರಿಗೆ ಸುಲಭ” ಎಂದು. ಈ ಆಕ್ಷೇಪ ಸರ್ವಥಾ ನ್ಯಾಯವಾದದ್ದು. ಗಿರಣಿ ಬಂದ ದಿನ ನಮ್ಮ ಅವ್ವ ಸಕ್ಕರೆ ಹಂಚಿದಳು, ಅದು ಸರಿಯೇ ಆಯಿತು. ಬೀಸುಕಲ್ಲನ್ನು ಮರಳಿ ತನ್ನಿರೆಂದು ನಾನು ಹೇಳಲಾರೆ. ನಾನು ಕೇಳುವುದಿಷ್ಟೇ: ಗಿರಣಿಯಿಂದ ಉಳಿದ ಆ ಹೊತ್ತು ಎಲ್ಲಿ ಹೋಯಿತು?

ಹಾಡು ಕಲ್ಲಿನಿಂದ ಹುಟ್ಟಲಿಲ್ಲ. ಕೈ ದುಡಿಯುತ್ತಿದ್ದು ಮನಸ್ಸು ಬಿಡುವಾಗಿರುವ ಒಂದು ಹೊತ್ತು ಆಯಿಗೆ ದಿನವೂ ದೊರೆಯುತ್ತಿದ್ದಿತು. ಹಾಡು ಆ ಹೊತ್ತಿನಿಂದ ಹುಟ್ಟಿತು. ಕೈಗೆ ರೂಢಿಯಾದ ಕೆಲಸದಲ್ಲಿ ಮನಸ್ಸು ತೊಡಗಬೇಕಾದ ಅವಶ್ಯಕತೆ ಇರುವುದಿಲ್ಲ. ಅದು ತನ್ನ ಪಾಡಿಗೆ ತಾನು ಕಂಡದ್ದನ್ನೂ ಕೇಳಿದ್ದನ್ನೂ ನೊಂದದ್ದನ್ನೂ ಹದವಾಗಿ ಬೀಸುತ್ತದೆ. ಅಂಥ ಹೊತ್ತು ಇಂದಿಗೂ ನಮಗೆ ಇಲ್ಲದಿಲ್ಲ. ರೊಟ್ಟಿ ಬಡಿಯುವಾಗ, ಕಾಯಿಪಲ್ಯ ಸೋಸುವಾಗ, ಬೆಳೆಗೆ ನೀರು ಹಾಯಿಸುತ್ತ ಬದುವಿನ ಮೇಲೆ ನಿಂತಾಗ, ಬಸ್ಸಿನ ಕಿಡಕಿಯ ಪಕ್ಕದಲ್ಲಿ ಕುಳಿತಾಗ ಅದೇ ಹೊತ್ತು ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತದೆ. ನಾವೇನು ಮಾಡುತ್ತೇವೆ? ಒಂದು ಗಳಿಗೆ ಖಾಲಿ ಸಿಕ್ಕಿತೆಂದರೆ ಸಾಕು, ಅಂಗಿಯ ಕಿಸೆಯಿಂದ ಮೊಬೈಲನ್ನು ತೆಗೆದು ಪರರ ಮಾತು, ಪರರ ಹಾಡು, ಪರರ ನಗೆಗಳಿಂದ ಅದನ್ನು ತುಂಬಿಬಿಡುತ್ತೇವೆ. ನಾನು ಆಯಿಗೆ “ಸುಮ್ಮನ ಬೀಸು” ಎಂದಂತೆ, ನಾವು ನಮ್ಮ ಮನಸ್ಸಿಗೇ ದಿನಕ್ಕೆ ನೂರು ಸಲ ಹೇಳುತ್ತಿದ್ದೇವೆ. ಮನಸ್ಸು ಕೂಡ “ಆತು” ಎಂದು ಸುಮ್ಮನಾಗುತ್ತದೆ. ಒಮ್ಮೆ ಸುಮ್ಮನಾದುದನ್ನು ಮರಳಿ ಹಾಡಿಸುವುದು ಕಷ್ಟವೆಂಬುದನ್ನು ನಾನು ಅನುಭವದಿಂದ ಬಲ್ಲೆನು.

ಶರಣರ ಬದುಕಿನಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಜೇಡರ ದಾಸಿಮಯ್ಯನವರು ನೆಯ್ದರು, ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು, ಮೇದಾರ ಕೇತಯ್ಯನವರು ಬಿದಿರಿನ ಕೆಲಸ ಮಾಡಿದರು. ಇವರು ಹಗಲೆಲ್ಲ ದುಡಿದು, ಆಮೇಲೆ ಬಿಡುವು ಮಾಡಿಕೊಂಡು ವಚನ ಬರೆದ ಸಾಹಿತಿಗಳಲ್ಲ. ಅವರ ಮಾತಿಗೆ ಬೇಕಾದ ಉಪಮಾನಗಳೆಲ್ಲ ಕೈಯೊಳಗಿನ ಕೆಲಸದಿಂದಲೇ ಎದ್ದು ಬಂದವು. ನೂಲುವ ಕಾಯಕದ ಕದಿರ ರೆಮ್ಮವ್ವೆಯವರನ್ನು ನೋಡಿರಿ. ತಾವು ತಿರುಗಿಸುವ ರಾಟಿಯ ಒಂದೊಂದು ಅಂಗದಲ್ಲಿಯೂ ಅವರು ಒಂದೊಂದು ತತ್ತ್ವವನ್ನು ಕಂಡರು. ರಾಟಿ ಅದೇ ರಾಟಿ. ನೋಡುವ ಕಣ್ಣು ಅರಳಿದ್ದಿತು. ಕಾಯಕವೆಂದರೆ ಕೇವಲ ದುಡಿಮೆಯೆಂದು ತಿಳಿದರೆ ಅದರ ಅರ್ಧವನ್ನು ಮಾತ್ರ ತಿಳಿದಂತಾಯಿತು. ದುಡಿಮೆಯೊಳಗೆ ಎಚ್ಚರವಿರುವುದೇ ಅದರ ಇನ್ನರ್ಧ.

ಇನ್ನು ಪ್ರವಾಸದ ವಿಷಯ. ಬೀಸುವಾಗ ಕೈಗೆ ಆಗುವುದೇ ನಡೆಯುವಾಗ ಕಾಲಿಗೆ ಆಗುತ್ತದೆ. ಕಾಲು ತನ್ನ ಕೆಲಸವನ್ನು ತಾನು ಮಾಡುತ್ತದೆ, ಮನಸ್ಸು ಬಿಡುವಾಗುತ್ತದೆ. ಮೇಲಾಗಿ ಹೆಜ್ಜೆ ಹೆಜ್ಜೆಗೂ ಹೊಸದೊಂದು ಕಣ್ಣಿಗೆ ಬೀಳುತ್ತದೆ. ಅಲ್ಲಮಪ್ರಭುಗಳು ಒಂದೆಡೆ ನಿಲ್ಲದೆ ಸಂಚರಿಸಿದವರು. ಅಕ್ಕಮಹಾದೇವಿಯವರು ಉಡುತಡಿಯಿಂದ ಕಲ್ಯಾಣಕ್ಕೂ ಕಲ್ಯಾಣದಿಂದ ಶ್ರೀಶೈಲಕ್ಕೂ ನಡೆದರು. ಅವರ ವಚನಗಳಲ್ಲಿ ಹಕ್ಕಿಗಳು, ಗಿಡಮರಗಳು, ಬೆಟ್ಟಗಳು ಇಷ್ಟು ಹತ್ತಿರದಲ್ಲಿ ಸುಳಿಯುವುದಕ್ಕೆ, ಅವರು ಅವುಗಳ ನಡುವೆ ಕಾಲ್ನಡಿಗೆಯಲ್ಲಿ ಹೋದದ್ದೂ ಒಂದು ಕಾರಣವಲ್ಲವೇ?

ನಾನು ಶ್ರೀಶೈಲಕ್ಕೆ ನಾಲ್ಕು ಸಲ ಬಸ್ಸಿನಲ್ಲಿ ಹೋಗಿ ಬಂದಿದ್ದೇನೆ. ಆ ನಾಲ್ಕು ಯಾತ್ರೆಗಳಲ್ಲಿ ನನಗೆ ನೆನಪಿರುವುದು ದರ್ಶನದ ಸಾಲು ಮತ್ತು ಬಸ್ಸು ತಪ್ಪೀತೆಂಬ ಗಾಬರಿ. ನಿವೃತ್ತನಾದ ಮೇಲೆ, 2013ರ ಯುಗಾದಿಯ ಮುಂಚೆ, 60ನೆಯ ವಯಸ್ಸಿನಲ್ಲಿ, ಕಂಬಿಯ ಸಂಗಡ ಹೊರಟ ನಮ್ಮ ಕಡೆಯ ಯಾತ್ರಿಕರ ಜತೆ ನಡೆದು ಹೋದೆನು. ಕಾಲಲ್ಲಿ ಬೊಕ್ಕೆಗಳೆದ್ದವು. ಆದರೆ ರಾಯಚೂರಿನ ಕಡೆ ಉರಿಬಿಸಿಲಿನಲ್ಲಿ ಮಜ್ಜಿಗೆಯ ಕೊಡವನ್ನು ಹೊತ್ತು ತಂದು ದಾರಿಯಲ್ಲಿ ನಿಂತಿದ್ದ ತಾಯಿಯ ಮುಖವೂ ನಲ್ಲಮಲೆಯ ಕಾಡಿನಲ್ಲಿ ಬೆಳಗಿನ ಜಾವ ಕೇಳಿದ ಹಕ್ಕಿಯ ದನಿಯೂ ಇಂದಿಗೂ ನನ್ನಲ್ಲಿವೆ. ನಮ್ಮ ಗುಂಪಿನಲ್ಲಿ ಒಬ್ಬ ಮುದುಕರಿದ್ದರು, ಒಕ್ಕಲುತನದವರು. ಹಗಲು ದಾರಿಯಲ್ಲಿ ಕಂಡದ್ದನ್ನೆಲ್ಲ ಅವರು ರಾತ್ರಿ ಮುಕ್ಕಾಮಿನಲ್ಲಿ ಮಲ್ಲಯ್ಯನ ಪದವಾಗಿ ಕಟ್ಟಿ ಹಾಡುತ್ತಿದ್ದರು. ಮಜ್ಜಿಗೆಯ ತಾಯಿಯೂ ಅದರಲ್ಲಿ ಬಂದಳು. ನನ್ನ ಬೊಕ್ಕೆಗಳೂ ಬಂದವು. ಎಲ್ಲರೂ ನಕ್ಕರು. ಆಯಿ ಮಾಡುತ್ತಿದ್ದ ಕೆಲಸವನ್ನು ನಾನು ನಲವತ್ತು ವರ್ಷಗಳ ಮೇಲೆ ಮತ್ತೊಮ್ಮೆ ಕಣ್ಣಾರೆ ಕಂಡೆನು.

ಮೂರು ದಿನಗಳಾದ ಮೇಲೆ, ನಡೆಯುತ್ತ ನಡೆಯುತ್ತ, ನಾನೂ ಮೂರು ಸಾಲಿನ ಒಂದು ಪದವನ್ನು ಕಟ್ಟಿದೆನು. ಆ ರಾತ್ರಿ ಅಂಜುತ್ತಲೇ ಅಂದು ತೋರಿಸಿದೆನು. ಆ ಹಿರಿಯರು ಕೇಳಿ ತಲೆದೂಗಿ, “ಸ್ವಲ್ಪ ಕುಂಟತೈತ್ರಿ ಮಾಸ್ತರ, ಆದರ ನಡೀತೈತಿ” ಎಂದರು. ಎಷ್ಟೋ ಮಕ್ಕಳಿಗೆ ಛಂದಸ್ಸನ್ನು ಕಲಿಸಿದ ನನಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ದೊರೆತಿಲ್ಲ.

ಪ್ರವಾಸವೆಂದರೆ ದೂರ ಹೋಗುವುದೇ ಎಂದು ತಿಳಿಯಬೇಕಾಗಿಲ್ಲ. ನಮ್ಮ ಧಾರವಾಡ ಸೀಮೆಯ ಹೆಣ್ಣುಮಕ್ಕಳ ಕಸೂತಿಯನ್ನು ನೋಡಿರಿ. ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳುವ ಪದ್ಧತಿ ಅದರಲ್ಲಿಲ್ಲ. ಎಳೆಗಳನ್ನು ಎಣಿಸಿ ಎಣಿಸಿಯೇ ಹಾಕಬೇಕು. ಗವಂತಿ ಮತ್ತು ಮುರಗಿಯ ಹೊಲಿಗೆಗಳಂತೂ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿ ಕಾಣಬೇಕು. ಅದರಲ್ಲಿ ಮೂಡುವ ಚಿತ್ರಗಳಾವುವು? ಗುಡಿಯ ಗೋಪುರ, ತೇರು, ಆನೆ, ತೊಟ್ಟಿಲು, ನವಿಲು. ವರ್ಷಕ್ಕೊಮ್ಮೆ ಜಾತ್ರೆಗೆ ಹೋದ ಹೆಣ್ಣುಮಗಳು ತೇರನ್ನು ನೋಡಿ ಬಂದು, ಮನೆಗೆಲಸದ ನಡುವೆ ತನ್ನ ಸೀರೆಯ ಸೆರಗಿನಲ್ಲಿ ಅದನ್ನು ಎಳೆದು ನಿಲ್ಲಿಸಿದಳು. ಕಂಡದ್ದನ್ನು ಮನೆಗೆ ತಂದು ಕೈಯಿಂದ ಮರಳಿ ಮಾಡಿದಾಗಲೇ ಪ್ರವಾಸ ಪೂರ್ತಿಯಾಗುತ್ತದೆ. ನಾವು ಇಂದು ತೇರಿನ ನೂರು ಚಿತ್ರಗಳನ್ನು ಮೊಬೈಲಿನಲ್ಲಿ ತುಂಬಿಕೊಂಡು ಬರುತ್ತೇವೆ. ತೇರಿಗೆ ಎಷ್ಟು ಗಾಲಿಗಳಿದ್ದವೆಂದು ಕೇಳಿದರೆ ಹೇಳಲಾರೆವು.

ಮಹನೀಯರೇ, ಕೇವಲ ವಿಷಾದವನ್ನು ಹೇಳಿ ಕುಳಿತುಕೊಳ್ಳುವುದು ಸಭಾಮರ್ಯಾದೆಯಲ್ಲ. ಆದುದರಿಂದ ಮೂರು ಬಿನ್ನಹಗಳನ್ನು ಮಾಡುತ್ತೇನೆ.

ಮೊದಲನೆಯದು: ದಿನದಲ್ಲಿ ಒಂದು ಕೆಲಸವನ್ನಾದರೂ ಪರರ ಮಾತು ಕಿವಿಗೆ ಬೀಳದಂತೆ ಮಾಡೋಣ. ಅದು ರೊಟ್ಟಿ ಬಡಿಯುವುದಿರಲಿ, ಅಂಗಳ ಗುಡಿಸುವುದಿರಲಿ, ಕೌದಿ ಹೊಲಿಯುವುದಿರಲಿ. ಮೊದಮೊದಲು ಬೇಸರವಾಗುತ್ತದೆ. ಆ ಬೇಸರಕ್ಕೆ ಅಂಜಬಾರದು. ಉತ್ತ ನೆಲ ಕೆಲವು ದಿನ ಬರಿದಾಗಿಯೇ ಕಾಣುತ್ತದೆ.

ಎರಡನೆಯದು: ವರ್ಷಕ್ಕೊಮ್ಮೆಯಾದರೂ, ಪಕ್ಕದ ಊರಿಗಾದರೂ ಸರಿಯೇ, ನಡೆದು ಹೋಗೋಣ. ಹೋಗಿ ಬಂದ ಮೇಲೆ ಕಂಡದ್ದರಲ್ಲಿ ಒಂದನ್ನು ನಮ್ಮ ಕೈಯಿಂದ ಮಾಡೋಣ: ಒಂದು ಪದ, ಒಂದು ರಂಗೋಲಿ, ಒಂದು ಅಡುಗೆ, ಮೊಮ್ಮಕ್ಕಳಿಗೆ ಹೇಳುವ ಒಂದು ಕಥೆ. ಅದು ಕುಂಟಿದರೂ ಕುಂಟಲಿ.

ಮೂರನೆಯದು ಶ್ರೀಮಠದ ಪ್ರಸಾದ ನಿಲಯದ ವಿದ್ಯಾರ್ಥಿಗಳಿಗೆ. ಮಕ್ಕಳೇ, ನೀವು ಹಬ್ಬದ ರಜೆಗೆ ಊರಿಗೆ ಹೋಗುವಿರಿ. ನಿಮ್ಮ ಮನೆಯಲ್ಲಿ ಆಯಿಯೋ ಮುತ್ತ್ಯಾನೋ ಇದ್ದರೆ ಅವರ ಬಳಿ ಒಂದು ಸಂಜೆ ಕುಳಿತುಕೊಳ್ಳಿರಿ. ಹಾಡನ್ನೋ, ಗಾದೆಯನ್ನೋ, ಬೀಜ ಕಾಯ್ದಿಡುವ ರೀತಿಯನ್ನೋ, ಕೌದಿಗೆ ತುಂಡು ಕೂಡಿಸುವ ಕ್ರಮವನ್ನೋ ಅವರಿಂದ ಕೇಳಿ ಬರೆದುಕೊಳ್ಳಿರಿ. ಕೆಳಗೆ ಅವರ ಹೆಸರನ್ನು ತಪ್ಪದೆ ಬರೆಯಿರಿ. ಬೀಸುಕಲ್ಲಿನ ಸಾವಿರಾರು ಹಾಡುಗಳನ್ನು ಕಟ್ಟಿದ ತಾಯಂದಿರಲ್ಲಿ ಹೆಚ್ಚಿನವರ ಹೆಸರು ನಮಗೆ ಉಳಿದಿಲ್ಲ. ಆ ಅನ್ಯಾಯ ಮುಂದುವರಿಯದಿರಲಿ. ಅಂಥ ಬರಹಗಳನ್ನು ಕೂಡಿಸಿ ಒಂದು ಹೊತ್ತಗೆಯಾಗಿ ಕಟ್ಟಿಸಿ ಶ್ರೀಮಠದ ಪುಸ್ತಕ ಭಂಡಾರದಲ್ಲಿ ಇಡಿಸಬೇಕೆಂದು ಪೂಜ್ಯರಲ್ಲಿ ಬೇಡಿಕೊಳ್ಳುತ್ತೇನೆ. ಅದರ ಮೊದಲ ಹಾಳೆಗಳಿಗಾಗಿ ನಮ್ಮ ಆಯಿಯ 11 ಹಾಡುಗಳನ್ನೂ ಮೂರನೆಯ ನುಡಿಯಿಲ್ಲದ ಆ ಒಂದು ಹಾಡನ್ನೂ ಬರೆದು ತಂದಿದ್ದೇನೆ. ಇಂದು ಶ್ರೀಗಳವರ ಸನ್ನಿಧಿಗೆ ಒಪ್ಪಿಸುತ್ತೇನೆ. ಆ ಮೂರನೆಯ ನುಡಿಯ ಜಾಗವನ್ನು ನಾನು ಖಾಲಿಯಾಗಿಯೇ ಬಿಟ್ಟಿದ್ದೇನೆ. ಅದನ್ನು ನಾನು ತುಂಬಬಾರದು. ನೋಡಿದ ಮಕ್ಕಳಾದರೂ ಮನೆಗೆ ಬೇಗನೆ ಹೋಗಿ ಕೇಳಿಯಾರೆಂಬುದು ನನ್ನ ಆಸೆ.